ನೂರಕ್ಕೆ ನೂರು ಕಪ್ಪು

ನಮ್ಮೂರಿನ ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಕಾರು ತೆಗೆದುಕೊಂಡು ನೋಡಲು ಬರುತ್ತೀರಿ. ಮೊದಲ ದಿನ ಏನೂ ಆಗುವುದಿಲ್ಲ. ಎರಡನೆಯ ದಿನ ಟೀ ಅಂಗಡಿಯವನಿಗೆ ನಿಮ್ಮ ಮುಖ ಪರಿಚಯವಾಗುತ್ತದೆ. ಮೂರನೆಯ ದಿನ ನೀವು ಊರು ಬಿಡುವಾಗ ಅವನು ಗಾಜಿನೊಳಗೆ ನಿಮ್ಮನ್ನು ನೋಡುತ್ತಾನೆ, ಕಾರು ನಡುರಸ್ತೆಯಲ್ಲಿ ನಿಂತುಹೋಗುತ್ತದೆ, ಅವನು ತನ್ನ ಮಗಳ ನಾದಿನಿಯ ಮಂಡಿನೋವಿನ ಕತೆಯನ್ನು ಪೂರ್ತಿ ಹೇಳಿ ಮುಗಿಸುವ ತನಕ ಒಂದಿಂಚು ಅಲ್ಲಾಡುವುದಿಲ್ಲ. ಆಮೇಲೆ ಬೈಸಿಕೊಳ್ಳುವವನು ನಾನು.

ವಿಷಯ ಇಷ್ಟೇ. ನಮ್ಮೂರಿನಲ್ಲಿ ಗಾಡಿಯೊಳಗೆ ಕೂತವರ ಮುಖ ರಸ್ತೆಯಲ್ಲಿರುವವರಿಗೆ ಗುರುತು ಸಿಕ್ಕಿತೆಂದರೆ ಎಂಜಿನ್ ಬಂದ್. ಗುರುತು ಹಿಡಿದವರು ತಮ್ಮ ಮಾತು ಆಡಿ ಮುಗಿಸಿ, ಬಾಯಿಬಿಟ್ಟು ‘ಹೋಗ್ಬನ್ನಿ’ ಅನ್ನಬೇಕು. ಆಗ ಸ್ಟಾರ್ಟ್ ಆಗುತ್ತದೆ. ಬರೀ ‘ಹೋಗಿ’ ಅಂದರೆ ಆಗುವುದಿಲ್ಲ. ಹಾಗೆ ಅನ್ನಬಾರದು ಅಂತ ನಿಮಗೆ ನಿಮ್ಮ ಮನೆಯಲ್ಲಿ ಹೇಳಿಕೊಟ್ಟಿರುತ್ತಾರೆ, ನಮ್ಮೂರಿನ ಎಂಜಿನ್‌ಗಳಿಗೂ ಯಾರೋ ಹೇಳಿಕೊಟ್ಟಿದ್ದಾರೆ. ಯಾಕೆ ಹೀಗೆ ಅಂತ ಕೇಳಬೇಡಿ. ನಿಮ್ಮೂರಿನ ನಲ್ಲಿಯಲ್ಲಿ ನೀರು ಯಾಕೆ ಬರುವುದಿಲ್ಲ ಅಂತ ನಾನು ಕೇಳಿದೆನೆ?

ಜನ ಇದಕ್ಕೆ ಹೊಂದಿಕೊಂಡು ಎಷ್ಟೋ ಕಾಲವಾಯಿತು. ಬೈಕಿನವರು ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ ಹಾಕುತ್ತಾರೆ, ಕೆಲವರು ಮನೆಗೆ ಬಂದ ಮೇಲೂ ತೆಗೆಯಲು ಹಿಂದೆಮುಂದೆ ನೋಡುತ್ತಾರೆ. ಹೆಲ್ಮೆಟ್ ಪಾಲನೆಯಲ್ಲಿ ನಮ್ಮೂರಿಗೆ ಜಿಲ್ಲೆಗೇ ಮೊದಲ ಬಹುಮಾನ. ಬಸ್ಸಿನಲ್ಲಿ ಕಿಟಕಿ ಪಕ್ಕದವರು ಟವೆಲ್ಲೋ ಸೆರಗೋ ಹೊದ್ದು ಕೂರುತ್ತಾರೆ. ಬಸ್ ಡ್ರೈವರಿಗೆ ತಿಂಗಳಿಗೊಮ್ಮೆ ವರ್ಗ, ಇನ್ನೇನು ಮುಖ ಗುರುತಾಯಿತು ಅನ್ನುವಷ್ಟರಲ್ಲಿ ಹೊಸಬ ಬಂದಿರುತ್ತಾನೆ. ಕೂಲಿಂಗ್ ಗ್ಲಾಸ್ ಹಾಕಿ ಎಂಜಿನ್ನಿಗೆ ಟೋಪಿ ಹಾಕಲು ಕೆಲವರು ನೋಡಿದರು. ನಡೆಯಲಿಲ್ಲ. ಗುರುತು ಹಿಡಿಯಲು ನಮ್ಮೂರಿನವರಿಗೆ ಮೂಗು ಸಾಕು. ಹೀಗಾಗಿ ಕಾರಿನವರಿಗೆ ಉಳಿದವನು ನಾನೊಬ್ಬನೇ.

ನನ್ನ ಅಂಗಡಿ ‘ನಂಜುಂಡಿ ಸನ್ ಕಂಟ್ರೋಲ್’. ಕಾರಿನ ಗಾಜಿಗೆ ಕಪ್ಪು ಫಿಲ್ಮ್ ಅಂಟಿಸುವ ಕೆಲಸ. ಗಾಜಿಗೆ ಸೋಪಿನ ನೀರು ಹೊಡೆದು, ಫಿಲ್ಮ್ ಕೂರಿಸಿ, ರಬ್ಬರ್ ಪಟ್ಟಿಯಿಂದ ಗುಳ್ಳೆ ಓಡಿಸಿ, ಅಂಚನ್ನು ಬ್ಲೇಡಿನಲ್ಲಿ ಸವರಿದರೆ ಮುಗಿಯಿತು. ಸೂರ್ಯನನ್ನೇ ಕಂಟ್ರೋಲ್ ಮಾಡುವವನು ಅಂತ ಮದುವೆ ಮನೆಗಳಲ್ಲಿ ನನಗೆ ಮೊದಲ ಪಂಕ್ತಿಯಲ್ಲೇ ಎಲೆ ಹಾಕುತ್ತಿದ್ದರು.

ತೊಂದರೆ ಬಂದದ್ದು ನಂಬರಿನಿಂದ. ಕಂಪನಿಯವರು ಪ್ರತಿ ರೋಲಿನ ಮೇಲೂ ಒಂದು ನಂಬರ್ ಅಚ್ಚು ಹಾಕಿರುತ್ತಾರೆ. ಗಾಜಿನಿಂದ ಎಷ್ಟು ಪಾಲು ಬೆಳಕು ಒಳಗೆ ಬರುತ್ತದೆ ಅನ್ನುವ ಲೆಕ್ಕ ಅದು. ಎಪ್ಪತ್ತು ಅಂದರೆ ಎಪ್ಪತ್ತು ಪಾಲು ಬೆಳಕು, ಎಲ್ಲ ಚೆನ್ನಾಗಿ ಕಾಣುತ್ತದೆ. ಐದು ಅಂದರೆ ಹೆಚ್ಚುಕಡಿಮೆ ಅಮಾವಾಸ್ಯೆ. ಮೊದಮೊದಲು ನಾನು ಇದನ್ನು ಸಾಚಾ ಮನುಷ್ಯನ ಹಾಗೆ ಗಿರಾಕಿಗಳಿಗೆ ವಿವರಿಸುತ್ತಿದ್ದೆ. “ಕಡು ಕಪ್ಪು ಬೇಕಾದ್ರೆ ಐದು ತಗೊಳ್ಳಿ” ಅಂದರೆ ಎಲ್‌ಐಸಿ ಏಜೆಂಟರೊಬ್ಬರು ಎದ್ದೇ ನಿಂತರು. “ಐದು ಪರ್ಸೆಂಟಾ? ನಾನೇನು ಫೇಲಾದವನಾ? ನನ್ ಷಡ್ಡಕ ಮೂವತ್ತೈದು ಹಾಕ್ಸಿದಾನೆ, ಅವನೇ ಜಸ್ಟ್ ಪಾಸು. ನಂಗೆ ಫಸ್ಟ್ ಕ್ಲಾಸ್ ಹಾಕು.” ಮಾರ್ಕ್ಸ್ ಕಾರ್ಡ್ ನೋಡಿ ಬೆಳೆದ ಜನಕ್ಕೆ ಕಡಿಮೆ ನಂಬರ್ ಮಾರುವುದು ಹೇಗೆ? ನಾನೂ ಲೆಕ್ಕವನ್ನು ತಿರುವಿಹಾಕಿದೆ. ಕಂಪನಿಯ ಐದು ನನ್ನ ಅಂಗಡಿಯಲ್ಲಿ ತೊಂಬತ್ತೈದಾಯಿತು. ಎಲ್ಲರಿಗೂ ಡಿಸ್ಟಿಂಕ್ಷನ್, ಎಲ್ಲರಿಗೂ ಸಂತೋಷ. ಮುಂದಿನ ಗಾಜಿನಲ್ಲಿ ಎಪ್ಪತ್ತು ಇರಲೇಬೇಕು ಅಂತ ಕಾನೂನು ಹೇಳುತ್ತದೆ ಅಂತ ಯಾರೋ ಪೇಪರಿನಲ್ಲಿ ಓದಿದರು. ನಾವು ತೊಂಬತ್ತೈದು ಹಾಕಿದ್ದೇವೆ, ಇಪ್ಪತ್ತೈದು ಜಾಸ್ತಿಯೇ ಕಾನೂನು ಪಾಲಿಸಿದ್ದೇವೆ ಅಂತ ಊರೆಲ್ಲ ಎದೆಯುಬ್ಬಿಸಿ ಓಡಾಡಿತು. ನಾನು ತಿದ್ದಲಿಲ್ಲ. ನಾನೇನು ಮೇಷ್ಟ್ರೇ?

ಪಕ್ಕದ ಗಾಜು ಆಯಿತು, ಹಿಂದಿನದಾಯಿತು, ಕೊನೆಗೆ ಮುಂದಿನದೂ ಕಪ್ಪಾಯಿತು. ಹೊರಗಿನವರಿಗೆ ಒಳಗೆ ಯಾರಿದ್ದಾರೆ ಅಂತ ಕಾಣುವುದು ನಿಂತಿತು. ಒಳಗಿನವರಿಗೆ ಹೊರಗೆ ಏನಿದೆ ಅಂತ ಕಾಣುವುದೂ ನಿಂತಿತು, ಆದರೆ ಅದನ್ನು ಬಾಯಿಬಿಟ್ಟು ಹೇಳಿಕೊಳ್ಳಲು ಯಾರಿಗೂ ಮರ್ಯಾದೆ ಬಿಡಲಿಲ್ಲ.

ಇದರಲ್ಲೆಲ್ಲ ಮೊದಲಿಗರು ಪುರಸಭೆ ಅಧ್ಯಕ್ಷ ಮುದ್ದುವೀರಪ್ಪನವರು. ಅವರ ಮುಖವನ್ನು ಊರು ಹನ್ನೊಂದು ವರ್ಷದಿಂದ ನೋಡಿರಲಿಲ್ಲ. ಚುನಾವಣೆಯಲ್ಲಿ ಓಟು ಕೇಳಲು ಬಂದದ್ದು ಕಾರು, ಭಾಷಣ ಮಾಡಿದ್ದು ಕಾರಿನ ಮೇಲಿನ ಮೈಕು, ಗೆದ್ದದ್ದೂ ಕಾರೇ. ಸಾಹೇಬರು ಯಾವತ್ತೋ ತೀರಿಕೊಂಡಿದ್ದಾರೆ, ಕಾರು ಅಭ್ಯಾಸಬಲದಿಂದ ಆಫೀಸಿಗೆ ಹೋಗಿ ಬರುತ್ತಿದೆ ಅಂತ ನಂಬಿದವರೂ ಇದ್ದರು. ಹನ್ನೊಂದು ವರ್ಷ ಕತ್ತಲಲ್ಲಿ ಕೂತು ಅವರ ಕಣ್ಣಿಗೆ ಬೆಳಕು ತಡೆಯದಾಗಿ, ಮನೆಯಲ್ಲಿ ಅನ್ನ ಉಣ್ಣುವಾಗಲೂ ಕೂಲಿಂಗ್ ಗ್ಲಾಸ್ ಹಾಕುತ್ತಿದ್ದರು. ಆ ಕಾರಿನ ಡ್ರೈವರ್ ರಾಚಪ್ಪ, ನನ್ನ ಅಕ್ಕನ ಗಂಡ.

ಭಾವ ಗಾಡಿ ಓಡಿಸುತ್ತಿದ್ದದ್ದು ಮೂಗಿನಿಂದ. ಅಧ್ಯಕ್ಷರ ಮನೆಯ ಗೇಟಿನಿಂದ ಹೊರಟು, ಉದ್ದಕ್ಕೂ ಅವರದೇ ಕಾಂಪೌಂಡ್ ಇರುವ ರಸ್ತೆಯಲ್ಲಿ ನಲವತ್ತು ಎಣಿಸಬೇಕು. ಒಂದು ಹಂಪು ಬರುತ್ತದೆ. ಬೋಂಡಾ ಕರಿಯುವ ವಾಸನೆ ಬಂದ ಕೂಡಲೇ ಎಡಕ್ಕೆ ತಿರುಗಬೇಕು. ಅದು ಜವರಮ್ಮನ ಅಂಗಡಿಯ ಮೂಲೆ. ಆಮೇಲೆ ಹಿಟ್ಟಿನ ಗಿರಣಿಯ ಸದ್ದು ಬಲಕಿವಿಗೆ ಬೀಳುವಂತೆ ನೇರ ಹೋದರೆ ಆಫೀಸು. ಭಾವ ಒಬ್ಬನೇ ಅಲ್ಲ, ಊರಿನ ಅರ್ಧ ಕಾರುಗಳು ಜವರಮ್ಮನ ಬಾಣಲೆಯನ್ನು ನಂಬಿ ತಿರುಗುತ್ತಿದ್ದವು. ಒಂದು ಸಲ ಅವಳು ಜ್ವರ ಬಂದು ಮಲಗಿದಾಗ ನಾಲ್ಕು ಕಾರುಗಳು ತಿರುಗದೆ ನೇರ ಹೋಗಿ ಗ್ರಂಥಾಲಯದ ಗೋಡೆಗೆ ಗುದ್ದಿದವು. ನಮ್ಮೂರಿನ ನಾಲ್ಕು ಗಣ್ಯರು ಗ್ರಂಥಾಲಯಕ್ಕೆ ಹೋದದ್ದು ಅದೇ ಮೊದಲು. ಮಾರನೆಯ ದಿನ ಪುರಸಭೆಯಿಂದ ಜವರಮ್ಮನಿಗೆ ನೋಟಿಸ್ ಹೋಯಿತು, ಮುಂಚಿತವಾಗಿ ತಿಳಿಸದೆ ಜ್ವರ ಬರಿಸಿಕೊಳ್ಳತಕ್ಕದ್ದಲ್ಲ ಅಂತ.

ಹೀಗೇ ನಡೆದುಕೊಂಡು ಹೋಗುತ್ತಿತ್ತು. ಒಂದು ದಿನ ಬೆಳಿಗ್ಗೆ ಚರಂಡಿ ಅಗೆಯುವವರು ಬಂದು ಜವರಮ್ಮನ ಒಲೆಯನ್ನು ನಾಲ್ಕು ಮಾರು ಆಚೆಗೆ ಸರಿಸಿದರು. ಗಾಳಿಯೂ ಅವತ್ತು ತಿರುಗಿ ಬೀಸುತ್ತಿತ್ತು. ಅವತ್ತು ಮಧ್ಯಾಹ್ನ ಭಾವ ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತ. ಟೀ ತರಿಸಿದೆ. ಮುಟ್ಟಲಿಲ್ಲ.

“ಏನ್ ಭಾವ, ಅಕ್ಕ ಬೈದ್ಲಾ?”

“ನಂಜುಂಡಿ, ವಾಸ್ನೆ ತಡವಾಗಿ ಬಂತು ಕಣೋ. ತಿರುಗ್ಸ್ದೆ. ಏನೋ ಧಡ್ ಅಂತು. ಬಾಣಲೆ ಸದ್ದು. ಆಮೇಲೆ ಅಯ್ಯಯ್ಯೋ ಅಂತ ಒಂದು ಕೂಗು.”

“ನಿಲ್ಲಿಸ್ದ್ಯಾ?”

“ಸಾಹೇಬ್ರು ಹಿಂದ್ಗಡೆ ಇದ್ರಲ್ಲ. ಏನೋ ಅದು ಸದ್ದು ಅಂದ್ರು.” ಭಾವ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. “ಹಂಪು ಸರ್ ಅಂದ್ಬಿಟ್ಟೆ.”

ಕಾದ ಎಣ್ಣೆ ಜವರಮ್ಮನ ಬಲಗಾಲಿನ ಮೇಲೆ ಬಿದ್ದಿತ್ತು. ಹಿಮ್ಮಡಿಯಿಂದ ಬೆರಳಿನ ತನಕ ಬೊಬ್ಬೆ ಎದ್ದು, ಹದಿನೈದು ದಿನ ಬಾಳೆ ಎಲೆಯ ಮೇಲೆ ಕಾಲು ಚಾಚಿ ಮಲಗಿದ್ದಳು. ಯಾವ ಕಾರು ಅಂತ ಅವಳಿಗೆ ಗೊತ್ತಾಗಲಿಲ್ಲ. ಊರಿನ ಕಾರೆಲ್ಲ ಬಿಳಿ, ಗಾಜೆಲ್ಲ ಕಪ್ಪು. ಮುಖ ಕಂಡಿದ್ದರೆ ಎಂಜಿನ್ನೇ ನಿಲ್ಲುತ್ತಿತ್ತು. ಆ ಗಾಜಿನ ಫಿಲ್ಮ್ ಅಂಟಿಸಿದವನು ಯಾರು ಅಂತ ಭಾವ ಹೇಳಲಿಲ್ಲ. ಬಹಳ ಒಳ್ಳೆಯ ಕೆಲಸ, ಒಂದು ಗುಳ್ಳೆ ಇರಲಿಲ್ಲ ಅದರಲ್ಲಿ.

“ಈ ಸಲ ಕಾಲು. ಮುಂದಿನ ಸಲ ಅವಳೇ ಹೋಗ್ತಾಳೆ” ಅಂದ ಭಾವ. “ನಂಗೆ ರಸ್ತೆ ಕಾಣ್ಬೇಕು ಕಣೋ. ಇಷ್ಟೇ ಇಷ್ಟು.” ಹೆಬ್ಬೆರಳು ತೋರುಬೆರಳು ಕೂಡಿಸಿ ಎಂಟಾಣೆಯಷ್ಟು ಜಾಗ ತೋರಿಸಿದ.

ಅವನ ಕಣ್ಣಿನ ಎತ್ತರಕ್ಕೆ ಎಂಟಾಣೆಯಷ್ಟು ಫಿಲ್ಮ್ ಕತ್ತರಿಸಿ ತೆಗೆದೆ. ಅದರಲ್ಲಿ ಎರಡು ವಾರ ಓಡಿಸಿದ. ಜವರಮ್ಮ ಅಂಗಡಿಗೆ ವಾಪಸ್ ಬಂದ ಮೊದಲ ದಿನವೇ ಆ ತೂತಿನಲ್ಲಿ ಒಂದು ಕಣ್ಣು ಕಂಡಳು. ಕಣ್ಣಿನ ಮೇಲೆ ಹುಬ್ಬು, ಹುಬ್ಬಿನ ಮೇಲೆ ಮಚ್ಚೆ. ಅಷ್ಟು ಸಾಕಾಯಿತು.

“ರಾಚಪ್ಪ ಅಲ್ವೇನಪ್ಪಾ? ಮಕ್ಳು ಚೆಂದಾಗವ್ರಾ? ಹೆಂಡ್ರಿಗೆ ಕೇಳ್ದೆ ಅನ್ನು. ಹೋಗ್ಬಾ” ಅಂತ ಅವಳೇನೋ ಚುಟುಕಾಗಿ ಮುಗಿಸಿದಳು. ಆದರೆ ಅಷ್ಟರಲ್ಲಿ ಎಂಜಿನ್ ಒಂದು ಸಲ ನಿಂತಾಗಿತ್ತು. ಹಿಂದಿನ ಸೀಟಿನಿಂದ ಕೈ ಬಂದು ಗಾಜನ್ನು ತಡವಿ ನೋಡಿತು, ತೂತಿಗೆ ಬೆರಳು ಸಿಕ್ಕಿತು.

ಮಾರನೆಯ ದಿನ ನನ್ನನ್ನು ಅಧ್ಯಕ್ಷರ ಕೋಣೆಗೆ ಕರೆಸಿದರು. ಕೋಣೆಯಲ್ಲೂ ಕತ್ತಲೆ. ಎರಡು ಕುರ್ಚಿ ಎಡವಿ ಮೂರನೆಯದರ ಹತ್ತಿರ ನಿಂತೆ. ಭಾವ ಯಾವುದೋ ಗೋಡೆಗೆ ಒರಗಿದ್ದ, ಉಸಿರು ಮಾತ್ರ ಕೇಳುತ್ತಿತ್ತು.

“ನನ್ ಕಾರಿಗೆ ಎಷ್ಟು ಹಾಕಿದ್ದೆ ನೀನು?” ಅಂತು ಕತ್ತಲೆ.

“ತೊಂಬತ್ತೈದು ಸರ್.”

“ಎಲ್‌ಐಸಿ ಏಜೆಂಟನ ಕಾರಿಗೆ?”

“ಅದೂ ತೊಂಬತ್ತೈದೇ ಸರ್.”

“ನೋಡು ಮತ್ತೆ! ನಾನು ಅಧ್ಯಕ್ಷ, ಅವನೊಬ್ಬ ಏಜೆಂಟ್. ಅದಕ್ಕೇ ಕಂಡವರ ಕಣ್ಣಿಗೆ ಬೀಳ್ತಾ ಇದೀನಿ. ಎಲ್ಲಾ ಕಿತ್ತಾಕು. ನಂಗೆ ನೂರು ಬೇಕು. ಔಟ್ ಆಫ್ ಔಟ್!”

“ಸರ್, ನೂರು ಹಾಕಿದ್ರೆ...”

“ನೂರು ಅಂದ್ರೆ ನೂರು. ಇನ್ನೊಂದು ಸಲ ಗಾಡಿ ನಿಂತ್ರೆ ರಾಚಪ್ಪ ಮನೆಗೆ, ನಿನ್ನಂಗ್ಡಿಗೆ ಬೀಗ.”

“ಹಾಗಾದ್ರೆ ಬರ್ದು ಕೊಡಿ ಸರ್. ಇಷ್ಟು ದೊಡ್ಡ ನಂಬರ್ ನಾನು ಯಾವತ್ತೂ ಹಾಕಿಲ್ಲ.”

ಗುಮಾಸ್ತರು ಕತ್ತಲಲ್ಲೇ ಟೈಪ್ ಮಾಡಿದರು. ‘ಅಧ್ಯಕ್ಷರ ವಾಹನದ ಸಮಸ್ತ ಗಾಜುಗಳಿಗೆ ಕಂಪನಿಯ ಶೇಕಡಾ ನೂರರ ಫಿಲ್ಮನ್ನು ಅಳವಡಿಸತಕ್ಕದ್ದು.’ ಕೆಳಗೆ ಸಹಿ, ಸೀಲು. ಹೊರಗೆ ಬಂದು ಬಿಸಿಲಿನಲ್ಲಿ ಓದಿದೆ, ‘ಕಂಪನಿಯ’ ಅಂತಲೇ ಇತ್ತು. ಭಾವ ನನ್ನ ಹಿಂದೆಯೇ ಬಂದ, ಅವನ ಮುಖ ಬಿಳಿಚಿಕೊಂಡಿತ್ತು.

“ಇನ್ನೂ ಕಪ್ಪು ಮಾಡ್ತೀಯೇನೋ? ನಿಮ್ಮಕ್ಕನ್ ಮೇಲಾಣೆ, ನಾನು ಯಾರನ್ನಾದ್ರೂ ಕೊಂದ್ಬಿಡ್ತೀನಿ.”

“ಭಾವ, ಹನ್ನೊಂದು ವರ್ಷ ಸುಳ್ಳು ಲೆಕ್ಕ ಹೇಳಿದೀನಿ. ಈ ಸಲ ಸಾಹೇಬ್ರು ಕೇಳಿದ್ದನ್ನೇ ಕೊಡ್ತೀನಿ.”

ಕಂಪನಿಯವರು ಪೂರಾ ನೂರನ್ನು ಮಾಡುವುದಿಲ್ಲ. ಗಾಜು ಒಡೆದರೆ ಚೂರು ಹಾರದಿರಲಿ ಅಂತ ಹಾಕುವ ಒಂದು ಫಿಲ್ಮ್ ಇದೆ, ನಂಬರ್ ತೊಂಬತ್ತೆರಡು, ನೀರಿನಷ್ಟು ತಿಳಿ. ನಮ್ಮೂರಿನಲ್ಲಿ ಅದನ್ನು ಯಾರೂ ಕೇಳಿರಲಿಲ್ಲವಾದ್ದರಿಂದ ರೋಲ್ ಹೊಸದಾಗಿಯೇ ಇತ್ತು. ಉಳಿದ ಎಂಟಕ್ಕೆ ನಾನು ಗ್ರೇಸ್ ಮಾರ್ಕ್ಸ್ ಕೊಟ್ಟೆ. ಹಳೆಯದನ್ನೆಲ್ಲ ಕಿತ್ತು, ಇದನ್ನು ಕೂರಿಸಿ, ಮೇಲೆ ನ್ಯೂಸ್ ಪೇಪರ್ ಮುಚ್ಚಿದೆ. “ಗಮ್ ಒಣಗ್ಬೇಕು ಸರ್, ಹೊರಡೋವಾಗ ರಾಚಪ್ಪನೇ ತೆಗೀತಾನೆ” ಅಂತ ಹೇಳಿ ಕಳಿಸಿದೆ.

ಸೋಮವಾರ ಬೆಳಿಗ್ಗೆ ಅಧ್ಯಕ್ಷರು ಕೂಲಿಂಗ್ ಗ್ಲಾಸ್ ಹಾಕಿಕೊಂಡು ಹಿಂದಿನ ಸೀಟಿನಲ್ಲಿ ಕೂತರಂತೆ. ಭಾವ ಪೇಪರ್ ತೆಗೆದನಂತೆ. ಅವರು ಆ ಕಡೆ ಈ ಕಡೆ ನೋಡಿ, ಕಪ್ಪಗೆ ಕಂಡದ್ದಕ್ಕೆ ತೃಪ್ತರಾಗಿ, “ನೂರು ಅಂದ್ರೆ ನೂರೇ ಕಣಯ್ಯ, ಕ್ವಾಲಿಟಿ ನೋಡು” ಅಂದರಂತೆ. ಇದು ಭಾವ ಆಮೇಲೆ ಹೇಳಿದ್ದು. ಮುಂದಿನದನ್ನು ನಾನೇ ಕಂಡೆ, ಯಾಕೆಂದರೆ ಜವರಮ್ಮನ ಅಂಗಡಿಯಲ್ಲಿ ಬೋಂಡಾ ತಿನ್ನುತ್ತಾ ನಿಂತಿದ್ದೆ.

ಕಾರು ಬಂತು. ಹಂಪಿನ ಹತ್ತಿರ ನಿಧಾನ ಮಾಡಿ ಹತ್ತಿ ಇಳಿಯಿತು. ರಸ್ತೆಯಲ್ಲಿ ಮಲಗಿದ್ದ ನಾಯಿಯನ್ನು ಸುತ್ತುಹಾಕಿತು. ಆ ನಾಯಿಯೂ ಇಂಥದ್ದನ್ನು ಕಂಡಿರಲಿಲ್ಲ, ಎದ್ದು ಕೂತಿತು. ನಾನು ತಲೆ ತಗ್ಗಿಸಿ ಚಟ್ನಿಯನ್ನೇ ನೋಡಿದೆ, ಭಾವನನ್ನು ನಾನು ಗುರುತು ಹಿಡಿದರೆ ಜವರಮ್ಮನ ಸರದಿ ತಪ್ಪುತ್ತದೆ ಅಂತ. ಜವರಮ್ಮ ಸೌಟು ಹಿಡಿದು ತಲೆ ಎತ್ತಿದಳು. ಎಂಜಿನ್ ಒಂದು ಸಲ ಕೆಮ್ಮಿ ಸತ್ತಿತು.

“ಯಾಕೋ ನಿಂತೆ?” ಅಂತ ಒಳಗಿನಿಂದ ಕೇಳಿತು.

“ಕಂಡ್ಬಿಟ್ವಿ ಸರ್.”

“ಯಾರ್ಗೋ ಕಾಣೋದು? ಔಟ್ ಆಫ್ ಔಟ್ ಹಾಕ್ಸಿದೀನಲ್ಲೋ!”

ಜವರಮ್ಮ ಕುಂಟುತ್ತಾ ಬಂದು ಗಾಜಿಗೆ ಮೂಗು ತಾಗಿಸಿದಳು. “ಹಿಂದ್ಗಡೆ ಯಾರ್ಲಾ ಅದು? ಮುದ್ದ ಅಲ್ವೇನ್ಲಾ ನೀನು? ಸತ್ತೋದೆ ಅಂದ್ರಲ್ಲಪ್ಪ! ನಾನು ತಲೆ ಮೇಲೆ ನೀರೂ ಹುಯ್ಕೊಂಡೆ.” ಇಬ್ಬರೂ ಮೂರನೆಯ ಕ್ಲಾಸಿನಲ್ಲಿ ಒಂದೇ ಮಣೆಯ ಮೇಲೆ ಕೂತವರು. ಅವಳು ಅಲ್ಲಿಂದಲೇ ಶುರು ಮಾಡಿದಳು. ಇವರು ಮುರಿದ ಅವಳ ಸ್ಲೇಟು, ಬರದ ನಲ್ಲಿ, ಉರಿಯದ ಬೀದಿ ದೀಪ, ಜ್ವರಕ್ಕೆ ಬಂದ ನೋಟಿಸು. ಕೊನೆಗೆ ಸೀರೆಯನ್ನು ಒಂದಿಷ್ಟು ಮೇಲೆತ್ತಿ ಕಾಲು ತೋರಿಸಿದಳು. ಚರ್ಮ ಸುಟ್ಟ ಹಪ್ಪಳದ ಹಾಗೆ ಇತ್ತು. “ಯಾವನೋ ಕಾರಲ್ಲಿ ಬಂದು ಎಣ್ಣೆ ಚೆಲ್ಲಿ ಹೋದ. ಮುಖ ಕಾಣ್ಲಿಲ್ಲ. ಯಾವನು ಅಂತ ಹೇಳ್ಲಿ?”

“ಛೆ ಛೆ, ಎಂಥಾ ಜನ” ಅಂದರು ಅಧ್ಯಕ್ಷರು. “ವಿಚಾರಣೆ ಮಾಡ್ಸೋಣ ಜವರಿ. ಒಂದು ಸಮಿತಿ ಮಾಡ್ತೀನಿ.”

ಸಮಿತಿ ಅಂದರೆ ಏನೋ ಒಳ್ಳೆಯದೇ ಇರಬೇಕು ಅಂತ ಅವಳಿಗೆ ಸಮಾಧಾನವಾಯಿತು. “ಸರಿ ಕಣಪ್ಪ, ಹೋಗ್ಬಾ” ಅಂದಳು. ಎಂಜಿನ್ ತಾನಾಗಿಯೇ ಸ್ಟಾರ್ಟ್ ಆಯಿತು.

ಭಾವ ಕೀ ತಿರುಗಿಸಿ ಆಫ್ ಮಾಡಿದ. ಬಾಗಿಲು ತೆಗೆದು ಕೆಳಗಿಳಿದ. ಕಾರಿನ ಮುಂದೆ ಬಂದು, ರಸ್ತೆಯ ಮೇಲೆ ಎರಡೂ ಕಾಲು ಊರಿ, ಗಾಜಿನೊಳಗೆ ತನ್ನ ಸಾಹೇಬರನ್ನು ನೋಡಿದ. ಹನ್ನೊಂದು ವರ್ಷ ಅವರಿಗೆ ಬೆನ್ನು ತೋರಿಸಿ ಕೂತವನು, ಮುಖಕ್ಕೆ ಮುಖ ಕೊಟ್ಟು ನಿಂತದ್ದು ಅದೇ ಮೊದಲು. ಈಗ ರಸ್ತೆಯಲ್ಲಿರುವವನು ಅವನು. ಅವನು ಹೇಳಿ ಮುಗಿಸುವ ತನಕ ಆ ಕಾರು ಯಾರಪ್ಪನ ಮಾತನ್ನೂ ಕೇಳುವುದಿಲ್ಲ.

“ಸರ್, ಸಮಿತಿ ಬೇಡ. ಅವತ್ತು ಹಂಪು ಅಂದ್ನಲ್ಲ, ಅದು ಹಂಪಲ್ಲ. ಜವರಮ್ಮನ ಕಾಲು.”

ಬಾಣಲೆಯಲ್ಲಿ ಬೋಂಡಾ ಸೀಯುವ ವಾಸನೆ ಬಂತು.

“ನಂಗೆ ರಸ್ತೆ ಕಾಣ್ತಿರ್ಲಿಲ್ಲ ಸರ್. ಹನ್ನೊಂದು ವರ್ಷದಿಂದ ಕಾಣ್ತಿರ್ಲಿಲ್ಲ. ಇವತ್ತು ಆ ನಾಯಿ ಕಾಣ್ತು, ಈವಮ್ಮ ಕಾಣ್ಸಿದ್ಲು. ಮುಂದಿನ ಗಾಜು ಹಿಂಗೇ ಇರ್ತದೆ ಅನ್ನಿ, ಹೋಗ್ಬನ್ನಿ ಅಂತೀನಿ.”

ಜವರಮ್ಮ ಅವನನ್ನು ತಲೆಯಿಂದ ಕಾಲಿನ ತನಕ ಒಂದು ಸಲ ನೋಡಿದಳು. ಸೌಟು ಎತ್ತಿದಳು, ಹೊಡೆದೇಬಿಡುತ್ತಾಳೆ ಅಂದುಕೊಂಡೆ.

“ಹಂಪು ಅಂದ್ಯಾ ನನ್ನ? ಅಷ್ಟು ದಪ್ಪ ಇದೀನೇನ್ಲಾ?”

“ಹೆದರಿ ಅಂದೆ ಕಣವ್ವ. ತಪ್ಪಾಯ್ತು.” ಭಾವ ಅಳುತ್ತಿದ್ದ. ಅಡ್ಡವಾಗಲು ಗಾಜೂ ಇರಲಿಲ್ಲ, ಎಲ್ಲರಿಗೂ ಕಾಣುತ್ತಿತ್ತು.

ಅಷ್ಟರಲ್ಲಿ ಅಧ್ಯಕ್ಷರು ಕೂಲಿಂಗ್ ಗ್ಲಾಸ್ ತೆಗೆದರು. ಬೆಳಕಿಗೆ ಕಣ್ಣಿನಲ್ಲಿ ನೀರು ಸುರಿಯಿತು. ಗಾಜು ನೋಡಿದರು, ಗಾಜಿನಾಚೆ ಊರು ನೋಡಿದರು, ಬೋಂಡಾ ಹಿಡಿದ ನನ್ನನ್ನು ನೋಡಿದರು. “ನಂಜುಂಡೀ!” ಅಂತ ಕೂಗಿದ್ದಕ್ಕೆ ಹಿಟ್ಟಿನ ಗಿರಣಿಯವನೂ ಆಚೆ ಬಂದ. ನಾನು ಜೇಬಿನಿಂದ ಆದೇಶದ ಕಾಗದ ತೆಗೆದು, ಸಹಿ ಸೀಲು ಸಮೇತ ಗಾಜಿಗೆ ಒತ್ತಿ ಹಿಡಿದೆ. ಒಳಗಿನಿಂದ ಚೆನ್ನಾಗಿ ಓದಬಹುದಾಗಿತ್ತು. ಅಷ್ಟು ತಿಳಿಯಾದ ಫಿಲ್ಮ್.

ಸುದ್ದಿ ಹಬ್ಬಿತು. ಸತ್ತ ಅಧ್ಯಕ್ಷರು ಬೋಂಡಾ ಅಂಗಡಿ ಮೂಲೆಯಲ್ಲಿ ಸಿಕ್ಕಿದ್ದಾರೆ ಅಂತ ಹನ್ನೊಂದು ವರ್ಷದ ಮಾತು ಕಟ್ಟಿಕೊಂಡು ಜನ ಸಾಲು ನಿಲ್ಲತೊಡಗಿದರು. ಮೊದಲಿಗೆ ಎಲ್‌ಐಸಿ ಏಜೆಂಟರು, ಕಂಕುಳಲ್ಲಿ ಬ್ಯಾಗು. ಅದನ್ನು ಕಂಡದ್ದೇ ತಡ, ಅಧ್ಯಕ್ಷರು ಆಚೆ ಬಾಗಿಲು ತೆಗೆದು ಇಳಿದುಬಿಟ್ಟರು. ಎರಡೂ ಕೈ ಜೋಡಿಸಿ, “ಆಮೇಲ್ ಸಿಕ್ತೀನಿ, ಆಮೇಲ್ ಸಿಕ್ತೀನಿ” ಅನ್ನುತ್ತಾ ಗಿರಣಿ ಪಕ್ಕದ ಸಂದಿಯಲ್ಲಿ ನಡೆದು ಮಾಯವಾದರು. ಆಗಲೇ ನಮಗೆ ಹೊಳೆದದ್ದು. ಈ ಕಟ್ಟುಪಾಡೆಲ್ಲ ಗಾಡಿಯಲ್ಲಿ ಕೂತವರಿಗೆ ಮಾತ್ರ. ನಡೆಯುವವನನ್ನು ಯಾವ ಶಕ್ತಿಯೂ ನಿಲ್ಲಿಸಲಾರದು.

ಅಧ್ಯಕ್ಷರು ಅವತ್ತಿನಿಂದ ಆಫೀಸಿಗೆ ನಡೆದೇ ಹೋಗುತ್ತಾರೆ. ಯಾರಾದರೂ ಎದುರಾದರೆ ಕೈ ಮುಗಿದು ಸಂದಿಗೆ ತಿರುಗುತ್ತಾರೆ. ಎಂಥ ಸರಳ ಮನುಷ್ಯ ಅಂತ ಊರು ಕೊಂಡಾಡುತ್ತಿದೆ. ಅವರು ಮುಂದಿನ ಗಾಜಿನ ಬಗ್ಗೆ ಒಪ್ಪಲಿಲ್ಲ, ಭಾವನನ್ನು ಕೆಲಸದಿಂದ ತೆಗೆಯಲೂ ಇಲ್ಲ. ತೆಗೆಯುವ ಹಾಗಿರಲಿಲ್ಲ. ಕಾರಿಲ್ಲದೆ ನಡೆದರೆ ಅದು ಬರೀ ನಡಿಗೆ, ಹಿಂದೆ ಖಾಲಿ ಕಾರು ಬಂದರೆ ಸರಳತೆ. ಕಾರು ಖಾಲಿ ಅಂತ ಜನಕ್ಕೆ ಗೊತ್ತಾಗಬೇಕಲ್ಲ, ಅದಕ್ಕೇ ಗಾಜು ಹಾಗೇ ಇರಲಿ ಅಂತ ಬಾಯಿಮಾತಿನ ಆದೇಶವೂ ಬಂತು. ನನ್ನ ಅಂಗಡಿಯ ಮುಂದೆ ಈಗ ‘ಅಧ್ಯಕ್ಷರ ಗಾಜು’ ಹಾಕಿಸಲು ಕ್ಯೂ. ಏಜೆಂಟರು ನೂರಾ ಒಂದು ಕೇಳಿದ್ದಾರೆ.

ಭಾವ ದಿನಾ ಬೆಳಿಗ್ಗೆ ಖಾಲಿ ಕಾರು ಓಡಿಸಿಕೊಂಡು ಆ ಮೂಲೆಗೆ ಬರುತ್ತಾನೆ. ಜವರಮ್ಮ ತಲೆ ಎತ್ತಿ ನೋಡುತ್ತಾಳೆ, ಎಂಜಿನ್ ಕೆಮ್ಮಿ ನಿಲ್ಲುತ್ತದೆ. “ಬಾರಪ್ಪ ಹಂಪು” ಅನ್ನುತ್ತಾಳೆ. ಅವನು ಇಳಿದು, ಭಾರದ ಬಾಣಲೆಯನ್ನು ಒಲೆಯ ಮೇಲೆ ಎತ್ತಿಟ್ಟು, ಕಲ್ಲಿನ ಮೇಲೆ ಕೂತು ಬೋಂಡಾ ತಿನ್ನುತ್ತಾನೆ. ಎರಡನೆಯದು ಮುಗಿಯುವ ತನಕ ಅವಳು ‘ಹೋಗ್ಬಾ’ ಅನ್ನುವುದಿಲ್ಲ. ಇತ್ತೀಚೆಗೆ ಭಾವ ಬಹಳ ನಿಧಾನವಾಗಿ ಅಗಿಯುತ್ತಾನೆ.